ನೀರ ಗುಳ್ಳೆಯೂ ಅಡಿಗೆಯುಪ್ಪೂ

ನೀರಿನ ಗುಳ್ಳೆಯೆಂದರೆ ಕಲಾವಿಭಾಗದ ನಮಗೆ ನಶ್ವರತೆಯ ಉಪಮಾನ. ಅಷ್ಟಕ್ಕೆ ನಮ್ಮ ಕೆಲಸ ಮುಗಿಯಿತು. ಗುಳ್ಳೆಯನ್ನು ವಿಜ್ಞಾನದವರಿಗೆ ಬಿಟ್ಟುಕೊಟ್ಟು ಅದರ ಅರ್ಥವನ್ನು ಮಾತ್ರ ನಾವು ಇಟ್ಟುಕೊಂಡಿದ್ದೇವೆ. ಈ ಪಾಲುಪಟ್ಟಿ ನನಗೆ ಒಪ್ಪಿಗೆಯಿಲ್ಲ.

ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿಯೂ ಸುಳ್ಯದ ಪಯಸ್ವಿನಿಯಲ್ಲಿಯೂ ಬಂಡೆಗೆ ಬಡಿದ ನೀರು ಬೆಳ್ಳಗಾಗಿ, ನಾಲ್ಕು ಮಾರು ಕೆಳಗೆ ಮತ್ತೆ ತಿಳಿಯಾಗುತ್ತದೆ. ಅದೇ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲು ಸೇರಿದ ಮೇಲೆ, ಮುರಿದ ಅಲೆಯ ಬಿಳುಪು ಅಷ್ಟು ಬೇಗ ಅಳಿಯದು. ಸಿಹಿನೀರಿನಲ್ಲಿ ಗುಳ್ಳೆಗಳು ಒಂದನ್ನೊಂದು ಮುಟ್ಟಿದೊಡನೆ ಕೂಡಿ, ದೊಡ್ಡವಾಗಿ, ಬೇಗನೆ ಮೇಲೇರಿ ಒಡೆಯುತ್ತವೆ. ಉಪ್ಪುನೀರಿನಲ್ಲಿ ಅವು ಕೂಡಲಾರದೆ ಸಣ್ಣವಾಗಿಯೇ ಉಳಿದು ನಿಧಾನವಾಗಿ ಏರುತ್ತವೆ. (ಮಳೆಗಾಲದ ಹೊಳೆಯ ಕಂದು ನೊರೆಯ ಮಾತು ಬೇರೆ, ಅದು ಕೊಳೆತ ತರಗೆಲೆಯಿಂದ ಬಂದದ್ದು.) ಒಂದು ಲೀಟರು ನೀರಿಗೆ 10 ಗ್ರಾಂ ಅಡಿಗೆಯುಪ್ಪು ಸಾಕು, ಕಡಲಿನಲ್ಲಿ ಸುಮಾರು 35 ಗ್ರಾಂ ಲವಣವಿದೆ.

ಪುತ್ತೂರು ಪೇಟೆಯಲ್ಲಿ ಸೋಡಕ್ಕೆ ಉಪ್ಪು ಹಾಕಿದೊಡನೆ ಬುಸ್ಸೆಂದು ಉಕ್ಕುತ್ತದಲ್ಲ ಎಂದು ಮಿತ್ರರು ಕೇಳಬಹುದು. ಅದು ಉಪ್ಪಿನ ಹರಳಿನ ಒರಟು ಮೈಯಲ್ಲಿ ಹೊಸ ಗುಳ್ಳೆ ಹುಟ್ಟುವ ಬಗೆ. ನನ್ನ ಮಾತು ಹುಟ್ಟಿದವು ಕೂಡುವ ವಿಚಾರ.

ಉಪ್ಪಿನ ಅಯಾನುಗಳಿಗೆ ವಿದ್ಯುದಾವೇಶವಿದೆ, ಅವು ಗುಳ್ಳೆಗಳನ್ನು ದೂರ ತಳ್ಳುತ್ತವೆ ಎಂದು ಉತ್ತರಿಸಿ ಕೈತೊಳೆದುಕೊಳ್ಳುವುದು ಸುಲಭ. ಸಿದ್ಧಾಂತ ಹೇಳುವುದು ಇದಕ್ಕೆ ತಿರುಗುಮುರುಗು: ಉಪ್ಪು ಬೆರೆತರೆ ಆವೇಶಗಳ ವಿಕರ್ಷಣೆ ಕುಗ್ಗಬೇಕು, ಗುಳ್ಳೆಗಳು ಇನ್ನೂ ಸುಲಭವಾಗಿ ಕೂಡಬೇಕು. ಇನ್ನೊಂದು ವಿಚಿತ್ರವನ್ನು 1993ರಲ್ಲಿ ಆಸ್ಟ್ರೇಲಿಯದ ಕ್ರೇಗ್, ನಿನ್‌ಹ್ಯಾಮ್, ಪ್ಯಾಶ್ಲಿ ಎಂಬವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸೋಡಿಯಂ ಕ್ಲೋರೈಡು ಗುಳ್ಳೆಗಳು ಕೂಡುವುದನ್ನು ತಡೆಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ತಡೆಯದು, ಸೋಡಿಯಂ ಅಸಿಟೇಟೂ ತಡೆಯದು. ಆಮ್ಲದಲ್ಲಿರುವುದು ಅದೇ ಕ್ಲೋರೈಡು, ಅಸಿಟೇಟಿನಲ್ಲಿರುವುದು ಅದೇ ಸೋಡಿಯಂ. ಜೋಡಿ ಬದಲಾದರೆ ಗುಣವೇ ಬದಲು! ಏಕೆಂಬುದಕ್ಕೆ ಎಲ್ಲರೂ ಒಪ್ಪಿದ ವಿವರಣೆ ಇಂದಿಗೂ ದೊರೆತಿಲ್ಲ.

ನಾವು ಶಾಲೆಯಲ್ಲಿ ಓದಿದ ಪುಸ್ತಕಗಳು ಇಂಥದನ್ನು ಹೇಳಲಿಲ್ಲ. ತಿಳಿದದ್ದನ್ನಷ್ಟೇ ಅಚ್ಚುಹಾಕಿ, ವಿಜ್ಞಾನವೆಂದರೆ ಮುಗಿದ ಲೆಕ್ಕವೆಂಬ ಭಾವನೆ ಹುಟ್ಟಿಸಿದವು. ಹತ್ತನೆಯ ತರಗತಿ ಮುಗಿದೊಡನೆ ನಮ್ಮಲ್ಲಿ ಅನೇಕರು ಅತ್ತ ಬೆನ್ನು ತಿರುಗಿಸಿದ್ದು ಅದಕ್ಕೇ ಎಂದು ನನ್ನ ಅಭಿಪ್ರಾಯ. ಕಲಾಕಾಲೇಜಿನಲ್ಲಿ ಪ್ರಯೋಗಶಾಲೆಯಿಲ್ಲವೆಂಬುದು ನೆಪವಾಗಬಾರದು. ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪು, ಅದರ ರಂಧ್ರದ ಕಲ್ಲು, ಎರಡು ಗಾಜಿನ ಭರಣಿ, ಒಂದು ಹಿಡಿ ಉಪ್ಪು ಇದ್ದರಾಯಿತು. ಸಿಹಿನೀರಿನಲ್ಲಿ ದೊಡ್ಡ ಗುಳ್ಳೆಗಳು ಗುಳುಗುಳು ಏರುವುವು, ಉಪ್ಪುನೀರು ಹಾಲಿನಂತೆ ಬೆಳ್ಳಗಾಗುವುದು. ಬರುವ ವರ್ಷ ಸಾಹಿತ್ಯಸಂಘದ ಒಂದು ಸಂಜೆಯನ್ನು ಇದಕ್ಕೆ ಬಿಟ್ಟುಕೊಡಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಭರಣಿಗಳನ್ನು ನಾನೇ ತರುತ್ತೇನೆ.