ವಿದ್ಯುತ್ ಸಂಸ್ಥೆಗಳೂ ವಿಷತ್ಯಾಜ್ಯದ ಗುತ್ತಿಗೆಯೂ

ವಿದ್ಯುಚ್ಛಕ್ತಿಯನ್ನು ಒದಗಿಸುವ ನಮ್ಮ ಸಾರ್ವಜನಿಕ ಸಂಸ್ಥೆಗಳ ಟೆಂಡರು ಪ್ರಕಟಣೆಗಳನ್ನು ಓದುವ ಅಭ್ಯಾಸವುಳ್ಳ ವಾಚಕರು ವಿರಳ. ಕಂಬ, ತಂತಿ, ಮೀಟರುಗಳ ಖರೀದಿಯ ನಡುವೆ, ಸಣ್ಣ ಅಕ್ಷರಗಳಲ್ಲಿ, ಬಳಸಿದ ತೈಲದ ವಿಲೇವಾರಿ, ಅಪಾಯಕಾರಿ ತ್ಯಾಜ್ಯದ ಸಾಗಾಣಿಕೆ ಎಂಬ ಬಗೆಯ ಒಂದೆರಡು ಸಾಲುಗಳೂ ಆಗಾಗ ಇರುವುದುಂಟು. ಇಂಥ ಪ್ರಕಟಣೆಗಳಿಂದ ನಮ್ಮಂಥ ಪತ್ರಿಕೆಗಳಿಗೆ ನಾಲ್ಕು ಕಾಸಿನ ಆದಾಯವಿದೆಯೆಂಬುದನ್ನು ಮರೆಮಾಚಬೇಕಾದುದಿಲ್ಲ. ಆದರೆ ಅಚ್ಚುಮಾಡಿದವರು ಓದಲೂಬಾರದೆಂಬ ಕರಾರೇನೂ ಇಲ್ಲವಷ್ಟೆ. ಓದಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು: ವಿಷವಸ್ತುವನ್ನು ಒಬ್ಬ ಗುತ್ತಿಗೆದಾರನ ಲಾರಿಗೆ ಏರಿಸಿ ಆವರಣದ ಬಾಗಿಲು ದಾಟಿಸಿದೊಡನೆಯೆ ಆ ಸಂಸ್ಥೆಯ ಹೊಣೆಯೂ ಬಾಗಿಲು ದಾಟಿ ಹೋಗುವುದೇ? ಹೋಗಲಾರದೆಂಬುದು ನಮ್ಮ ಅಭಿಪ್ರಾಯ; ಶಾಸನದ ಅಭಿಪ್ರಾಯವೂ ಅದೇ. ಆದುದರಿಂದ ಗುತ್ತಿಗೆಯ ಹಣವೂ ಲಾರಿ ಹೊರಟಾಗ ಸಲ್ಲತಕ್ಕದ್ದಲ್ಲ, ವಿಷವು ನಾಶವಾದಾಗ ಸಲ್ಲತಕ್ಕದ್ದು.

ಮೊದಲು ವಸ್ತುವನ್ನು ತಿಳಿಯೋಣ. ನಮ್ಮ ರೈತರು ‘ಟೀಸಿ’ ಎಂದು ಕರೆಯುವ ಪರಿವರ್ತಕದ ಹೊಟ್ಟೆಯೊಳಗೆ ಲೋಹದ ಸುರುಳಿಗಳು ಖನಿಜತೈಲದಲ್ಲಿ ಮುಳುಗಿರುತ್ತವೆ. ಆ ತೈಲವು ಸುರುಳಿಗಳ ಶಾಖವನ್ನು ಹೊರಕ್ಕೆ ಸಾಗಿಸುವುದಲ್ಲದೆ, ಅವುಗಳ ನಡುವೆ ವಿದ್ಯುತ್ತು ಹಾಯದಂತೆ ತಡೆಯಾಗಿಯೂ ನಿಲ್ಲುತ್ತದೆ. ವರ್ಷಗಟ್ಟಲೆ ಕಾದು, ತೇವವನ್ನು ಹೀರಿ, ಆಮ್ಲಗುಣ ಬೆಳೆದು, ತಳದಲ್ಲಿ ಕೆಸರು ಕಟ್ಟಿದ ಬಳಿಕ ಅದು ಕೆಲಸಕ್ಕೆ ಬಾರದು. ಬೇಸಗೆಯಲ್ಲಿ ಪಂಪುಸೆಟ್ಟುಗಳ ಭಾರ ತಾಳಲಾರದೆ ಸುಟ್ಟ ಟೀಸಿಗಳು ದುರಸ್ತಿಗೆ ಬಂದಾಗ ಈ ತೈಲವೂ, ಅದನ್ನು ಸೋಸಿದ ಕೆಸರೂ, ತೈಲ ಮೆತ್ತಿದ ಚಿಂದಿಯೂ, ಬರಿದಾದ ಪೀಪಾಯಿಗಳೂ ಹಿಂದುಳಿಯುತ್ತವೆ. ಉಪಕೇಂದ್ರಗಳಲ್ಲಿ ಸೀಸದ ಬ್ಯಾಟರಿಗಳು. ರಾಯಚೂರಿನ ಶಕ್ತಿನಗರ, ಯರಮರಸು, ಬಳ್ಳಾರಿಯ ಕುಡತಿನಿ ಮುಂತಾದ ಶಾಖೋತ್ಪನ್ನ ಸ್ಥಾವರಗಳಲ್ಲಿ ಯಂತ್ರಗಳ ಕೊಳೆತೈಲ, ನೀರನ್ನು ಶುದ್ಧಿಮಾಡಿ ಸವೆದ ರಾಳ, ರಾಸಾಯನಿಕಗಳ ಖಾಲಿ ಪಾತ್ರೆಗಳು. ಹಾರುಬೂದಿಯ ಮಾತು ಬೇರೆ. ಅದಕ್ಕೆ ಬೇರೆಯೇ ಅಧಿಸೂಚನೆಗಳಿವೆ, ಅದರ ಪ್ರಮಾಣವೂ ಬೇರೆ. ಅದನ್ನು ಇನ್ನೊಂದು ದಿನ ವಿಚಾರಿಸೋಣ.

ಹಳೆಯ ಪರಿವರ್ತಕಗಳ ತೈಲದಲ್ಲಿ ಇನ್ನೊಂದು ಶತ್ರುವು ಅಡಗಿರಬಹುದು. ಪಿ.ಸಿ.ಬಿ. ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ದ್ರವವು ಸುಲಭವಾಗಿ ಬೆಂಕಿ ಹಿಡಿಯದೆಂಬ ಗುಣಕ್ಕಾಗಿ ಕಳೆದ ಶತಮಾನದ ಬಹುಭಾಗ ಜಗತ್ತಿನಾದ್ಯಂತ ಪರಿವರ್ತಕಗಳಲ್ಲಿಯೂ ಕೆಪ್ಯಾಸಿಟರುಗಳಲ್ಲಿಯೂ ಬಳಕೆಯಾಯಿತು. ಬೆಂಕಿಗೆ ಬಗ್ಗದ ವಸ್ತು ಮಣ್ಣಿಗೂ ಬಗ್ಗದು. ಅದು ಕೊಳೆಯದು; ಮೀನಿನ, ದನದ, ಮನುಷ್ಯನ ಕೊಬ್ಬಿನಲ್ಲಿ ಸೇರಿ ಕೂಡುತ್ತ ಹೋಗುತ್ತದೆ; ತಾಯಿಯ ಹಾಲಿನ ಮೂಲಕ ಕೂಸಿಗೆ ಇಳಿಯುತ್ತದೆ. ಮನುಷ್ಯರಲ್ಲಿ ಅರ್ಬುದರೋಗವನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ನಿರ್ಣಯಿಸಿದೆ. ಕಡಿಮೆ ಶಾಖದಲ್ಲಿ ಸುಟ್ಟರೆ ಡಯಾಕ್ಸಿನ್, ಫ್ಯುರಾನ್ ಎಂಬ ಇನ್ನೂ ಘೋರವಾದ ವಿಷಗಳು ಹುಟ್ಟುತ್ತವೆ. 2001ರ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತವು 2006ರಲ್ಲಿ ಬದ್ಧವಾಯಿತು. 2016ರಲ್ಲಿ ಕೇಂದ್ರ ಸರಕಾರವು ಪಿ.ಸಿ.ಬಿ. ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. ಬಳಕೆ ನಿಲ್ಲಲು 2025ನೆಯ ಇಸವಿಯ ಕೊನೆಯೂ, ಇರುವುದನ್ನೆಲ್ಲ ವಿಧಿವತ್ತಾಗಿ ನಾಶಪಡಿಸಲು 2028ನೆಯ ಇಸವಿಯೂ ಗೊತ್ತಾದ ಗಡುವುಗಳು.

ಇಲ್ಲೊಂದು ಸೂಕ್ಷ್ಮವಿದೆ. ಪಿ.ಸಿ.ಬಿ. ತುಂಬಿ ತಯಾರಾಗದ ಪರಿವರ್ತಕದಲ್ಲಿಯೂ ಅದು ಸೇರಿರಬಹುದು. ಒಂದು ಪರಿವರ್ತಕದ ತೈಲವನ್ನು ಸೋಸಿದ ಯಂತ್ರವನ್ನೇ ಮತ್ತೊಂದಕ್ಕೂ, ಮೂರನೆಯದಕ್ಕೂ ಜೋಡಿಸುವುದು ದುರಸ್ತಿಯವರ ರೂಢಿ. ಕೊಳವೆಯಲ್ಲಿ ಉಳಿದ ಪಸೆಯೇ ಮುಂದಿನದನ್ನು ಕೆಡಿಸುತ್ತದೆ. ಹತ್ತು ಲಕ್ಷ ಭಾಗದಲ್ಲಿ 50 ಭಾಗ ಇದ್ದರೂ ಅದು ಕಲುಷಿತವೆಂದೇ ಎಣಿಕೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಪರೀಕ್ಷೆಯೊಂದೇ ಉಪಾಯ. ಈ ವಿಷಯದಲ್ಲಿ ರಾಷ್ಟ್ರಕ್ಕೇ ಬುದ್ಧಿ ಹೇಳಬಲ್ಲ ಕೇಂದ್ರೀಯ ವಿದ್ಯುತ್ ಸಂಶೋಧನ ಸಂಸ್ಥೆಯು 1960ರಿಂದ ನಮ್ಮ ಬೆಂಗಳೂರಿನಲ್ಲಿಯೇ ಇದೆ. ದೀಪದ ಬುಡದಲ್ಲಿ ಕತ್ತಲೆಂಬ ಮಾತು ನಮಗೆ ಅನ್ವಯವಾಗದಿರಲಿ.

ಇನ್ನು ಗುತ್ತಿಗೆಯ ವಿಚಾರ. ಸಂಸ್ಥೆಯ ಉಗ್ರಾಣದಲ್ಲಿ ಎರಡು ರಾಶಿಗಳಿರುತ್ತವೆ. ಬಳಸಿದ ತೈಲಕ್ಕೂ ಸೀಸಕ್ಕೂ ಪೇಟೆಯಲ್ಲಿ ಬೆಲೆಯುಂಟು. ಆದುದರಿಂದ ಅದು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಸೇರುತ್ತದೆ. ಕೆಸರಿಗೂ ಚಿಂದಿಗೂ ಬೆಲೆಯಿಲ್ಲ, ಸಾಗಿಸುವುದಕ್ಕೆ ನಾವೇ ಹಣ ಕೊಡಬೇಕು. ಆದುದರಿಂದ ಅದು ಟೆಂಡರಿನಲ್ಲಿ ಕಡಿಮೆ ಕೇಳಿದವನ ಪಾಲು. ಎರಡು ಕಡೆಯೂ ಅಳತೆಗೋಲು ರೂಪಾಯಿಯೇ. ಕಂಬವನ್ನು ಕೊಳ್ಳುವಾಗ ಈ ಅಳತೆ ಸಾಕು. ಕಂಬ ಕಳಪೆಯಾದರೆ ಅದು ನಮ್ಮ ಅಂಗಳದಲ್ಲಿಯೇ ಬಿದ್ದು ಸಾಕ್ಷಿ ಹೇಳುತ್ತದೆ. ತ್ಯಾಜ್ಯದ ಗುತ್ತಿಗೆಯಲ್ಲಿ ನಾವು ಕೊಳ್ಳುವುದು ಒಂದು ವಸ್ತುವಿನ ಇಲ್ಲವಾಗುವಿಕೆಯನ್ನು. ಅದು ನಿಜವಾಗಿ ಇಲ್ಲವಾಯಿತೋ ಅಥವಾ ಬೇರೊಬ್ಬರ ಹಳ್ಳಕ್ಕೆ ಸೇರಿತೋ ಕೊಂಡವನ ಕಣ್ಣಿಗೆ ಬೀಳುವುದಿಲ್ಲ. ಹೀಗಿರುವಾಗ ವಿಷವನ್ನು ದಹಿಸುವ ಕೇಂದ್ರವು ಟನ್ನಿಗೆ ಕೇಳುವ ದರಕ್ಕಿಂತಲೂ ಕಡಿಮೆ ದರವನ್ನು ಒಬ್ಬ ಗುತ್ತಿಗೆದಾರನು ನಮೂದಿಸಿದರೆ, ಅವನು ಧರ್ಮಾರ್ಥ ಸೇವೆಗೆ ಬಂದವನೆಂದು ತಿಳಿಯಬೇಕೇ? ಆ ವಿಷವನ್ನು ದಹನಕೇಂದ್ರಕ್ಕೆ ಮುಟ್ಟಿಸುವ ಉದ್ದೇಶವೇ ಅವನಿಗಿಲ್ಲವೆಂಬುದಕ್ಕೆ ಅವನ ದರಪಟ್ಟಿಯೇ ಸಾಕ್ಷಿ. ಅಂಥವನಿಗೆ ಕೆಲಸ ಕೊಟ್ಟು ನಾಲ್ಕು ಸಾವಿರ ರೂಪಾಯಿ ಉಳಿಸಿದೆವೆಂದು ಲೆಕ್ಕದಲ್ಲಿ ಬರೆಯುವ ಅಧಿಕಾರಿಯು ನಿಯಮವನ್ನು ಪಾಲಿಸಿರಬಹುದು, ವಿವೇಕವನ್ನು ಪಾಲಿಸಲಿಲ್ಲ.

ಬಾಗಿಲಾಚೆಗೆ ದಾರಿಗಳು ಹಲವು. ತೈಲವನ್ನು ಇಟ್ಟಿಗೆಯ ಗೂಡಿಗೋ ಸುಣ್ಣದ ಭಟ್ಟಿಗೋ ಉರುವಲಾಗಿ ಮಾರಬಹುದು. ಆ ಹೊಗೆ ಯಾರ ಎದೆಗೆ ಹೋಯಿತೆಂದು ಯಾರು ಬರೆದಿಟ್ಟಾರು? ಕೆಸರನ್ನು ರಾತ್ರಿಯಲ್ಲಿ ಬತ್ತಿದ ಕೆರೆಯಂಗಳಕ್ಕೋ ಪಾಳುಬಿದ್ದ ಕಲ್ಲುಗಣಿಗೋ ಸುರಿಯಬಹುದು. ಪೀಪಾಯಿಗಳಂತೂ ಸಂತೆಯನ್ನು ಸೇರಿದರೆ ಯಾವ ಮನೆಯ ಹಿತ್ತಿಲಲ್ಲಿ ನೀರು ತುಂಬಿಸಿಕೊಂಡು ಕುಳಿತಿರುವುವೋ ಹೇಳಲಾಗದು. ಗೃಹಿಣಿಯು ಸೀಗೆಪುಡಿ ಹಾಕಿ ಎರಡು ಸಲ ತೊಳೆದರೆ ಶುದ್ಧವಾಯಿತೆಂದು ನಂಬುತ್ತಾಳೆ. ಮಲಿನವಾದ ಖಾಲಿ ಪೀಪಾಯಿಯನ್ನೂ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪಟ್ಟಿಮಾಡಿರುವುದು ಸುಮ್ಮನೆ ಅಲ್ಲ.

ನಿಯಮಗಳು ಇಲ್ಲವೆನ್ನುವಂತಿಲ್ಲ. 1984ರ ಭೋಪಾಲದ ಘೋರದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಶಾಸನವೂ, 1989ರಲ್ಲಿ ಅಪಾಯಕಾರಿ ತ್ಯಾಜ್ಯದ ಮೊದಲ ನಿಯಮಗಳೂ ಬಂದುವು. 2016ರಲ್ಲಿ ಹೊಸ ನಿಯಮಗಳಾದುವು. ಅವುಗಳಂತೆ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿವಸಗಳಿಗಿಂತ ಹೆಚ್ಚು ಕೂಡಿಡತಕ್ಕದ್ದಲ್ಲ. ಅನುಮತಿ ಪಡೆದ ಬಳಕೆದಾರನಿಗೆ ಅಥವಾ ವಿಲೇವಾರಿ ಕೇಂದ್ರಕ್ಕಲ್ಲದೆ ಕೊಡತಕ್ಕದ್ದಲ್ಲ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಬಳಿ ಇಂಥದೊಂದು ಸಾಮಾನ್ಯ ಕೇಂದ್ರವಿದೆ. ಲಾರಿಯೊಡನೆ ಏಳು ಬಣ್ಣದ ಏಳು ಪ್ರತಿಗಳ ರವಾನೆಪಟ್ಟಿ ಹೊರಡಬೇಕು. ಬಿಳಿಯ ಪ್ರತಿ ಮಾಲಿನ್ಯ ನಿಯಂತ್ರಣ ಮಂಡಲಿಗೆ, ಹಳದಿಯದು ಕಳುಹಿಸಿದವರಲ್ಲಿ; ಉಳಿದ ಐದು ಸಾಗಿಸುವವನ ಕೈಯಲ್ಲಿ. ಅವುಗಳಲ್ಲಿ ನೀಲಿಯ ಪ್ರತಿಯನ್ನು, ಮಾಲು ಮುಟ್ಟಿತೆಂದು ರುಜುಮಾಡಿ, ಪಡೆದ ಕೇಂದ್ರವು ಕಳುಹಿಸಿದವರಿಗೆ ಹಿಂದಿರುಗಿಸಬೇಕು. ಮೂರನೆಯವರಿಗೆ ಹಾನಿಯಾದರೆ ಸಾಗಿಸಿದವನೂ ಪಡೆದವನೂ ಮಾತ್ರವಲ್ಲ, ತ್ಯಾಜ್ಯವನ್ನು ಹುಟ್ಟಿಸಿದವನೂ ಹೊಣೆ. ಋಣಾದಾನವನ್ನು ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದಾಗಿ ಎಣಿಸಿದ ನಮ್ಮ ಧರ್ಮಶಾಸ್ತ್ರಕಾರರಿಗೆ ಈ ನಿಯಮ ಹೊಸದಾಗಿ ಕಾಣುತ್ತಿರಲಿಲ್ಲ. ಸಾಲದ ಪತ್ರವನ್ನು ಇನ್ನೊಬ್ಬನ ಕೈಗೆ ತುರುಕಿದ ಮಾತ್ರಕ್ಕೆ ಸಾಲ ತೀರಿತೆಂದು ಅವರು ಎಲ್ಲಿಯೂ ಹೇಳಲಿಲ್ಲ.

ಹಾಗಾದರೆ ಹಣವನ್ನು ತೂಕದ ಚೀಟಿಯ ಮೇಲೆ ಕೊಡುವುದೇಕೆ? ಲಾರಿ ಹೊರಟ ದಿನದ ಚೀಟಿಗೆ ಬಿಲ್ಲು ಪಾಸಾಗುವ ಗುತ್ತಿಗೆಯಲ್ಲಿ ನೀಲಿಯ ಪ್ರತಿಗೆ ಕಾಯುವವರಾರು? ಅದು ಬಂದರೂ ಕಡತ, ಬಾರದಿದ್ದರೂ ಕಡತ. ಬಿಲ್ಲಿನ ದೊಡ್ಡ ಪಾಲು ನೀಲಿಯ ಪ್ರತಿಯೂ, ದಹನವಾಯಿತು ಅಥವಾ ಭದ್ರಗುಂಡಿಯಲ್ಲಿ ಹೂಳಲಾಯಿತು ಎಂಬ ಕೇಂದ್ರದ ಪ್ರಮಾಣಪತ್ರವೂ ಕೈಸೇರಿದ ಮೇಲೆಯೇ ಸಲ್ಲುವುದೆಂದು ಒಂದು ಸಾಲು ಬರೆದರೆ, ಗುತ್ತಿಗೆದಾರನೇ ಆ ಕಾಗದದ ಬೆನ್ನುಹತ್ತುವನು. ಲಾರಿಯ ದಾರಿಯನ್ನು ತೋರಿಸುವ ಉಪಕರಣ ಈಗ ಬಾಡಿಗೆಯ ಕಾರುಗಳಲ್ಲಿಯೂ ಇದೆ; ವಿಷದ ಲಾರಿಗೆ ಅದನ್ನು ಕಡ್ಡಾಯಮಾಡಲು ಯಾರ ಅಪ್ಪಣೆಯೂ ಬೇಡ. ಮಾರುವ ತೈಲವನ್ನಾದರೂ ಪಿ.ಸಿ.ಬಿ. ಪರೀಕ್ಷೆಯಾಗದೆ ಹರಾಜಿಗೆ ಇಡತಕ್ಕದ್ದಲ್ಲ.

ಹೊಣೆಯನ್ನು ಮುಂದೆ ತಳ್ಳಿದುದರ ಫಲವನ್ನು ದೇಶವು ಕಂಡಿದೆ. ರಾಜಸ್ಥಾನದ ಉದಯಪುರದ ಬಳಿಯ ಬಿಛ್ಡಿ ಗ್ರಾಮದಲ್ಲಿ ರಾಸಾಯನಿಕ ಕಾರ್ಖಾನೆಗಳು ಸುರಿದ 2,400 ಟನ್ನಿಗೂ ಮಿಕ್ಕ ಕೆಸರಿನಿಂದ ಬಾವಿಗಳ ನೀರು ಕುಡಿಯಲೂ ಬೆಳೆಗೂ ಬಾರದಾಯಿತು. ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನು ತೆರಬೇಕೆಂದು ಸುಪ್ರೀಮ್ ಕೋರ್ಟು 1996ರಲ್ಲಿ ವಿಧಿಸಿತು. ಆ ಹಣದ ವ್ಯಾಜ್ಯವು ಮುಂದೆ 2011ರ ವರೆಗೂ ಎಳೆಯಿತು. ಅಷ್ಟು ವರ್ಷ ರೈತನು ಯಾವ ನೀರು ಕುಡಿಯಬೇಕು? ಭೋಪಾಲದ ಕಾರ್ಖಾನೆಯಲ್ಲಿ ಕೂಡಿಟ್ಟಿದ್ದ 337 ಟನ್ ವಿಷವು 12 ಪೆಟ್ಟಿಗೆಲಾರಿಗಳಲ್ಲಿ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ, ಅಂದರೆ ದುರಂತವಾಗಿ 40 ವರ್ಷಗಳ ಮೇಲೆ. ಪೀಥಂಪುರದ ಜನ ಬೀದಿಗಿಳಿದರು. ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲು ಯತ್ನಿಸಿದರು. ವಿಧಿವತ್ತಾಗಿ ಸಾಗಿಸಿದ ವಿಷಕ್ಕೇ ಜನರು ಹೀಗೆ ಬೆದರಿದರೆ, ಕಳ್ಳದಾರಿಯ ವಿಷಕ್ಕೆ ಅವರು ಬೆದರದಿರುವುದು ಅದು ಅವರಿಗೆ ಗೊತ್ತೇ ಆಗದಿರುವುದರಿಂದ.

ಅಷ್ಟು ದೂರ ಹೋಗಬೇಕೆ? ಕನ್ನಡನಾಡಿನ ವಿದ್ಯುಚ್ಛಕ್ತಿಯ ಚರಿತ್ರೆಯೇ ಇಂಥದೊಂದು ರಾಶಿಯ ಬುಡದಿಂದ ಆರಂಭವಾಗುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಶಕ್ತಿಯು ಬೆಂಗಳೂರಿಗಿಂತ ಮೊದಲು ಮುಟ್ಟಿದುದು ಕೋಲಾರದ ಚಿನ್ನದ ಗಣಿಗಳನ್ನು; ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ನಮ್ಮ ನದಿಯ ಬಲದಿಂದ ತೆಗೆದ ಚಿನ್ನದ ಲಾಭವನ್ನು ಇಂಗ್ಲೆಂಡಿನ ಪಾಲುದಾರರು ದಶಕಗಟ್ಟಲೆ ಉಂಡರು. ಕೊನೆಗೆ ಸ್ವದೇಶೀ ಸರಕಾರದ ಕೈಯಲ್ಲಿಯೇ 2001ರಲ್ಲಿ ಗಣಿಗಳು ಮುಚ್ಚಿದುವು. ಸೈನೈಡ್ ದಿಬ್ಬಗಳು ಮಾತ್ರ, 3 ಕೋಟಿ ಟನ್ನಿಗೂ ಮಿಕ್ಕಿ, ಹಿಂದೆ ಉಳಿದುವು. ಗಾಳಿ ಬೀಸಿದಾಗ ಅವುಗಳ ಧೂಳು ಗಣಿಯ ಕೂಲಿಕಾರರ ಮಕ್ಕಳ ಮನೆಗಳಲ್ಲಿ ಕೂಡುತ್ತದೆ. ವಿದೇಶೀಯರು ಮಾಡಿದಾಗ ಅದನ್ನು ಶೋಷಣೆಯೆಂದು ಕರೆಯಲು ನಾವು ಹಿಂಜರಿಯುವುದಿಲ್ಲ. ನಮ್ಮದೇ ಸಂಸ್ಥೆಗಳು ಚಿಕ್ಕ ಪ್ರಮಾಣದಲ್ಲಿ, ಟೀಸಿಯೊಂದಕ್ಕೆ ಒಂದು ಪೀಪಾಯಿಯಂತೆ, ಹಳ್ಳಿಹಳ್ಳಿಗೆ ಹಂಚಿದರೆ ಅದಕ್ಕೆ ಬೇರೊಂದು ಹೆಸರು ಉಂಟೇ?

ಅಧಿಕಾರಿಗಳು ಕೊಡುವ ಉತ್ತರವನ್ನು ನಾವು ಊಹಿಸಬಲ್ಲೆವು. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಶಾಸನವು ನಮ್ಮ ಕೈ ಕಟ್ಟಿದೆ, ಕನಿಷ್ಠ ದರವನ್ನು ಬಿಟ್ಟರೆ ಲೆಕ್ಕಪರಿಶೋಧಕರು ಸುಮ್ಮನಿರುವರೇ ಎಂಬುದು ಒಂದು. ಇದು ಅರ್ಧಸತ್ಯ. ಮೊದಲ ಲಕೋಟೆಯಲ್ಲಿ ಯೋಗ್ಯತೆ, ಎರಡನೆಯದರಲ್ಲಿ ದರ ಎಂಬ ಪದ್ಧತಿಗೆ ಅದೇ ಶಾಸನದ ನಿಯಮಗಳಲ್ಲಿ ಎಡೆಯಿದೆ. ಅನುಮತಿಪತ್ರ, ದಹನಕೇಂದ್ರದೊಡನೆ ಮಾಡಿಕೊಂಡ ಕರಾರು, ಹಿಂದಿನ ರವಾನೆಪಟ್ಟಿಗಳು, ವಿಮೆ, ಇವುಗಳನ್ನು ಮೊದಲ ಲಕೋಟೆಯಲ್ಲಿ ಕೇಳಿದರೆ ಅರ್ಧ ಮಂದಿ ಎರಡನೆಯ ಲಕೋಟೆಯನ್ನು ತೆರೆಯುವ ಮೊದಲೇ ಮನೆಗೆ ಹೋಗುವರು. ವೆಚ್ಚವು ಬಳಕೆದಾರನ ತಲೆಯ ಮೇಲೆ ಬೀಳುವುದೆಂಬುದು ಇನ್ನೊಂದು. ಬೀಳಲಿ, ದೀಪ ಉರಿಸಿದವರು ಅದರ ಕಿಟ್ಟದ ವೆಚ್ಚವನ್ನು ತೆರುವುದು ನ್ಯಾಯ, ದೀಪವೇ ಸರಿಯಾಗಿ ಉರಿಯದ ಹಳ್ಳಿಯವನು ಅದನ್ನು ಬಾವಿಯ ನೀರಿನಲ್ಲಿ ತೆರುವುದು ಅನ್ಯಾಯ.

ಲಾರಿಯ ಮೇಲೆ ಪೀಪಾಯಿ ಉರುಳಿಸುವ ಹುಡುಗರ ಮಾತನ್ನು ಹೇಳದೆ ಬಿಡಲಾಗದು. ಅವರು ಗುತ್ತಿಗೆದಾರನ ಗುತ್ತಿಗೆದಾರನ ಆಳುಗಳು. ಕೈಗೆ ಚೀಲವಿಲ್ಲ, ಕಾಲಿಗೆ ಜೋಡಿಲ್ಲ, ಏನನ್ನು ಹೊತ್ತಿರುವೆವೆಂಬ ಅರಿವೂ ಇಲ್ಲ. ಪೀಪಾಯಿಯ ಮೇಲೆ ಅಪಾಯದ ಎಚ್ಚರಿಕೆಯು ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ನಿಯಮವೇ ಹೇಳುತ್ತದೆ. ಕನ್ನಡನಾಡಿನ ಉಗ್ರಾಣಗಳಿಂದ ಹೊರಡುವ ಪೀಪಾಯಿಗಳ ಮೇಲೆ ಕನ್ನಡವು ಎಷ್ಟರಮಟ್ಟಿಗೆ ಇದೆಯೆಂದು ಭಾಷೆಯ ಹೆಸರಿನಲ್ಲಿ ಸಭೆ ನಡೆಸುವ ನಮ್ಮ ಮಿತ್ರರು ಒಮ್ಮೆ ಹೋಗಿ ನೋಡಿಬರಬಹುದು. ಒಳಗುತ್ತಿಗೆಯನ್ನು ಟೆಂಡರಿನಲ್ಲಿಯೇ ನಿಷೇಧಿಸಬೇಕು.

ಸಾರ್ವಜನಿಕರು ಕೇಳುವುದಕ್ಕೆ ಸ್ಥಳವೂ ಇದೆ. ವಿದ್ಯುತ್ತಿನ ದರವನ್ನು ಏರಿಸಲು ಕಂಪೆನಿಗಳು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿಕೊಂಡಾಗ ಬಹಿರಂಗ ವಿಚಾರಣೆ ನಡೆಯುತ್ತದೆ. ಬಳಕೆದಾರರು ಆಕ್ಷೇಪಣೆಗಳನ್ನು ಬರೆದುಕೊಡಬಹುದು. ಮುಂದಿನ ವಿಚಾರಣೆಯಲ್ಲಿ ಯೂನಿಟ್ಟಿನ ಪೈಸೆಗಳ ಜಗಳದೊಡನೆ ಈ ಮೂರು ಪ್ರಶ್ನೆಗಳನ್ನೂ ಬರೆದುಕೊಡಬೇಕೆಂದು ನಮ್ಮ ವಾಚಕರಲ್ಲಿ ಕೇಳಿಕೊಳ್ಳುತ್ತೇವೆ: ಕಂಪೆನಿಯ ಪರಿವರ್ತಕಗಳಲ್ಲಿ ಪಿ.ಸಿ.ಬಿ. ಪರೀಕ್ಷೆಯಾದುವು ಎಷ್ಟು? ಕಳೆದ ವರ್ಷ ಬಾಗಿಲು ದಾಟಿದ ಅಪಾಯಕಾರಿ ತ್ಯಾಜ್ಯವೆಷ್ಟು ಟನ್? ಅದಕ್ಕೆ ಹಿಂದಿರುಗಿ ಬಂದ ನೀಲಿಯ ಪ್ರತಿಗಳೆಷ್ಟು?