ಕೂಳೆ ಬೆಳೆಯೂ ಕಾಲ್ಚೆಂಡಿನ ತಂಡವೂ

ಗೆಲ್ಲುವ ತಂಡವನ್ನು ಮೆಚ್ಚುವುದಕ್ಕೆ ವಿಶೇಷವಾದ ಮನೋಧರ್ಮವೇನೂ ಬೇಕಾಗಿಲ್ಲ. ಸೋಲುತ್ತಿರುವ ತಂಡವನ್ನು ಕೈಬಿಡದೆ ಹಿಂಬಾಲಿಸುವುದು ಮಾತ್ರ ಒಂದು ಬಗೆಯ ವ್ರತವೇ ಸರಿ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು 2023-24ರ ಋತುವಿನಲ್ಲಿ ಈ ವ್ರತವನ್ನು ಆಚರಿಸಬೇಕಾಯಿತು. 2013ರಲ್ಲಿ ಹುಟ್ಟಿ, ಮೊದಲನೆಯ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಪ್ರಥಮ ಭಾರತೀಯ ತಂಡವೆನಿಸಿ, 2018-19ರಲ್ಲಿ ಇಂಡಿಯನ್ ಸೂಪರ್ ಲೀಗಿನ ಕಿರೀಟವನ್ನೂ ಧರಿಸಿದ್ದ ತಂಡವದು. ಅಂಥ ತಂಡವು ಆ ವರ್ಷ ಹನ್ನೆರಡು ತಂಡಗಳ ನಡುವೆ ಹತ್ತನೆಯದಾಗಿ ನಿಂತಿತು. ಆಡಿದ ಪಂದ್ಯಗಳು 22, ಗಳಿಸಿದ ಅಂಕಗಳೂ 22.

ಬೆಳಗಾವಿ ಜಿಲ್ಲೆಯ ಬೆಲ್ಲದ ಬಾಗೇವಾಡಿಯಲ್ಲಿ ಕುಳಿತವನಿಗೆ ಐನೂರು ಕಿಲೋಮೀಟರಿಗೂ ಆಚೆಗಿರುವ ಬೆಂಗಳೂರಿನ ತಂಡದ ಚಿಂತೆ ಏಕೆಂದು ಕೆಲವರು ಕೇಳುವುದುಂಟು. ಕುಸ್ತಿ, ಕಬಡ್ಡಿಗಳ ಸೀಮೆ ಇದು. ಜಾತ್ರೆಗೆ ಮಣ್ಣಿನ ಅಖಾಡ ಸಿದ್ಧವಾಗದಿದ್ದರೆ ಜಾತ್ರೆ ನಡೆದಂತೆಯೇ ಅಲ್ಲ. ಆದರೆ ಕಾಲ್ಚೆಂಡು ನಮಗೆ ತೀರ ಪರಕೀಯವಾದ ಆಟವೇನೂ ಅಲ್ಲ. ಗಡಿಯಾಚೆಯ ಕೊಲ್ಹಾಪುರವನ್ನೇ ನೋಡಿರಿ. ಅಲ್ಲಿಯ ಹೆಸರಾಂತ ತಂಡಗಳು ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು ಎಂಬ ಹೆಸರುಗಳನ್ನು ಹೊತ್ತಿವೆ. ಎಂದರೆ ಜಟ್ಟಿಗಳ ಗರಡಿಮನೆಗಳೇ ಕಾಲ್ಚೆಂಡಿನ ತಂಡಗಳನ್ನೂ ಸಾಕಿದುವು. ಇತ್ತ ಬೆಳಗಾವಿಯ ಲೇಲೆ ಮೈದಾನದಲ್ಲಿಯೂ ಈ ಆಟ ಬಹುಕಾಲದಿಂದ ನಡೆದುಬಂದಿದೆ. ದೂರದರ್ಶನವು ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ನಮ್ಮ ಪಡಸಾಲೆಗೆ ತಂದಿತು. ನಾಡಿನ ರಾಜಧಾನಿಯ ಹೆಸರನ್ನು ಧರಿಸಿದ ತಂಡವು ಸೋತಾಗ ನಾಡಿನ ಅಂಚಿನಲ್ಲಿದ್ದವನಿಗೂ ಮುಖ ಬಾಡುತ್ತದೆ.

ಕುಸಿದ ತಂಡವನ್ನು ಎತ್ತಿ ನಿಲ್ಲಿಸಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಹೊರಗಿನಿಂದ ಆಟಗಾರರನ್ನು ತರುವುದು. ಅದರಲ್ಲಿಯೂ ಮುಕ್ತ ಆಟಗಾರರೆಂದರೆ ವ್ಯವಸ್ಥಾಪಕರಿಗೆ ಅಚ್ಚುಮೆಚ್ಚು. ಒಂದು ಕ್ಲಬ್ಬಿನೊಡನೆ ಮಾಡಿಕೊಂಡ ಒಪ್ಪಂದದ ಅವಧಿ ತೀರಿದ ಮೇಲೆ ಆಟಗಾರನು ಯಾರ ಸೊತ್ತೂ ಅಲ್ಲ. ಹಳೆಯ ಕ್ಲಬ್ಬಿಗೆ ಬಿಡಿಗಾಸನ್ನೂ ಕೊಡದೆ ಹೊಸ ಕ್ಲಬ್ಬು ಅವನನ್ನು ಸೇರಿಸಿಕೊಳ್ಳಬಹುದು. ಈಗ ಇದು ಸಹಜವಾದ ನ್ಯಾಯವೆಂದು ತೋರುತ್ತದೆ. ಆದರೆ ಈ ನ್ಯಾಯವು ಒಬ್ಬ ಆಟಗಾರನ ಬಾಳನ್ನೇ ಬಲಿಯಾಗಿ ಪಡೆದು ಬಂದದ್ದು. ಬೆಲ್ಜಿಯಂ ದೇಶದ ಜೀನ್ ಮಾರ್ಕ್ ಬೋಸ್ಮನ್ ಎಂಬುವನ ಒಪ್ಪಂದವು 1990ರಲ್ಲಿ ಮುಗಿದಾಗ ಅವನು ಫ್ರಾನ್ಸಿನ ಡಂಕರ್ಕ್ ತಂಡಕ್ಕೆ ಹೋಗಬಯಸಿದನು. ಅವನ ಹಳೆಯ ಲಿಯೇಜ್ ಕ್ಲಬ್ಬು, ಒಪ್ಪಂದ ಮುಗಿದಿದ್ದರೂ, ವರ್ಗಾವಣೆಯ ಹಣಕ್ಕಾಗಿ ಹಟಹಿಡಿಯಿತು. ಬೋಸ್ಮನ್ ನ್ಯಾಯಾಲಯದ ಮೆಟ್ಟಿಲೇರಿದನು. ಯೂರೋಪಿನ ನ್ಯಾಯಾಲಯವು 1995ರ ಡಿಸೆಂಬರ್ 15ರಂದು ಅವನ ಪರವಾಗಿ ತೀರ್ಪಿತ್ತಿತು. ಅಷ್ಟರಲ್ಲಿ ಅವನ ಆಟದ ವಯಸ್ಸು ಕಳೆದುಹೋಗಿತ್ತು. ಅವನು ತೆರೆದ ಬಾಗಿಲಿನಲ್ಲಿ ಇಂದು ಜಗತ್ತಿನ ಸಾವಿರಾರು ಆಟಗಾರರು ನಡೆದಾಡುತ್ತಿದ್ದಾರೆ. ಆಟಗಾರನು ಗಾಣಕ್ಕೆ ಕಟ್ಟಿದ ಎತ್ತಲ್ಲವಾದುದರಿಂದ ಈ ಸ್ವಾತಂತ್ರ್ಯವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ನನ್ನ ತಕರಾರು ಇರುವುದು ಈ ಸ್ವಾತಂತ್ರ್ಯವನ್ನು ನೆಚ್ಚಿ ತಂಡಕಟ್ಟುವವರ ಅವಸರದೊಡನೆ.

ಬೆಂಗಳೂರಿನ ಉದಾಹರಣೆಯನ್ನೇ ಪರಿಶೀಲಿಸೋಣ. 2020-21ರಲ್ಲಿ ಏಳನೆಯ ಸ್ಥಾನ, ಮರುವರ್ಷ ಆರನೆಯ ಸ್ಥಾನ ದೊರೆತಾಗ ಕ್ಲಬ್ಬು ಹೊರಗಡೆ ಕಣ್ಣು ಹಾಯಿಸಿತು. ಹಿಂದಿನ ಋತುವಿನಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ತಂಡದಲ್ಲಿದ್ದ ಫಿಜಿ ದ್ವೀಪದ ರಾಯ್ ಕೃಷ್ಣ, ರಕ್ಷಣೆಯಲ್ಲಿ ಹೆಸರಾದ ಸಂದೇಶ್ ಝಿಂಗನ್, ಪ್ರಬೀರ್ ದಾಸ್ ಈ ಮೂವರೂ 2022ರಲ್ಲಿ ಬೆಂಗಳೂರಿಗೆ ಬಂದರು. ಫಲವು ಕೂಡಲೇ ಕಾಣಿಸಿತು. ಅದೇ ಸೆಪ್ಟೆಂಬರ್ ತಿಂಗಳಲ್ಲಿ ತಂಡವು ಡ್ಯುರಾಂಡ್ ಕಪ್ಪನ್ನು ಗೆದ್ದಿತು. 2023ರ ಮಾರ್ಚ್ 18ರಂದು ಗೋವೆಯಲ್ಲಿ ಸೂಪರ್ ಲೀಗಿನ ಅಂತಿಮ ಪಂದ್ಯವನ್ನಾಡಿತು. ಎದುರಾಳಿ ಯಾರು? ಅದೇ ಮೋಹನ್ ಬಾಗಾನ್. ಪಂದ್ಯವು 2-2ರಲ್ಲಿ ಸಮವಾಗಿ, ದಂಡದ ಒದೆತಗಳಲ್ಲಿ ಬೆಂಗಳೂರು ಸೋತಿತು. ಸೋಲಾದರೂ ಅದು ತಲೆಯೆತ್ತಿಕೊಂಡು ನಡೆಯಬಹುದಾದ ಸೋಲು. ಆದರೆ ಆ ಬೇಸಗೆಯಲ್ಲಿ ಕೃಷ್ಣ ಒಡಿಶಾಕ್ಕೂ ಝಿಂಗನ್ ಗೋವೆಗೂ ಪ್ರಬೀರ್ ದಾಸ್ ಕೇರಳಕ್ಕೂ ಹೊರಟುಹೋದರು. ಬಂದ ಹಾದಿಯಲ್ಲಿಯೇ ಹೋದರೆನ್ನಬೇಕು. ಅವರನ್ನು ದೂರುವುದು ಸಲ್ಲದು. ಮುಂದಿನ ಋತುವೇ ನಾನು ಮೊದಲು ಹೇಳಿದ ಹತ್ತನೆಯ ಸ್ಥಾನದ ಋತು.

ಆಗ ಕ್ಲಬ್ಬು ಏನು ಮಾಡಿತು? ಮತ್ತೆ ಅದೇ ಅಂಗಡಿಗೆ ಹೋಯಿತು. ಆದರೆ ಈ ಸಲದ ಆಯ್ಕೆಯಲ್ಲಿ ಹೆಚ್ಚಿನ ವಿವೇಕವಿತ್ತೆಂಬುದನ್ನು ಒಪ್ಪಬೇಕು. 2024ರ ಮೇ 4ರಂದು ಮೋಹನ್ ಬಾಗಾನನ್ನು 3-1ರಿಂದ ಸೋಲಿಸಿ ಕಪ್ಪನ್ನೆತ್ತಿದ್ದ ಮುಂಬಯಿ ಸಿಟಿ ತಂಡದಿಂದಲೇ ಮೂವರು ಬಂದರು: ನಾಯಕನಾಗಿದ್ದ ರಾಹುಲ್ ಭೇಕೆ, ಸ್ಪೇನಿನ ಆಲ್ಬರ್ಟೊ ನೊಗೆರಾ, ಅರ್ಜೆಂಟೀನಾದ ಹೋರ್ಹೆ ಪೆರೇರಾ ಡಿಯಾಸ್. ಭೇಕೆಯಂತೂ ನಮಗೆ ಹೊಸಬನಲ್ಲ. 2018-19ರ ಅಂತಿಮ ಪಂದ್ಯದಲ್ಲಿ ಗೋವೆಯ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿ ಬೆಂಗಳೂರಿಗೆ ಕಿರೀಟ ತೊಡಿಸಿದವನು ಅವನೇ. ನೊಗೆರಾ ಮುಂಬಯಿಯಲ್ಲಿ ಆಡಿ ಈ ಲೀಗಿನ ಬಿಸಿಲು ಸೆಕೆಗಳನ್ನು ಬಲ್ಲವನು. ಇವರೊಡನೆ ಮೆಕ್ಸಿಕೋದ ಲೀಗಿನಿಂದ ಎಡ್ಗರ್ ಮೆಂಡೆಸ್ ಬಂದನು. ಹೆಸರು ನೋಡಿ ತಂದವರಲ್ಲ ಇವರು. ತಂಡದಲ್ಲಿ ಯಾವ ಜಾಗ ಬರಿದಾಗಿತ್ತೋ ಆ ಜಾಗಕ್ಕೆ ತಕ್ಕವರು. ಪರಿಣಾಮವಾಗಿ ಬೆಂಗಳೂರು 2024-25ರಲ್ಲಿ 24 ಪಂದ್ಯಗಳಿಂದ 38 ಅಂಕ ಪಡೆದು ಮೂರನೆಯ ಸ್ಥಾನಕ್ಕೇರಿತು. ಆರನೆಯ ಸ್ಥಾನಕ್ಕಿಳಿದ ಮುಂಬಯಿ ನಿರ್ಗಮನ ಪಂದ್ಯಕ್ಕೆ ಕಂಠೀರವಕ್ಕೆ ಬಂದಾಗ 5-0ರಿಂದ ಸೋತು ಹಿಂದಿರುಗಿತು. ಒಬ್ಬರ ಗೋಡೆಯ ಕಲ್ಲು ಕಿತ್ತು ಇನ್ನೊಬ್ಬರ ಗೋಡೆ ಎದ್ದ ಪರಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಷ್ಟ. ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಮತ್ತೆ ಮೋಹನ್ ಬಾಗಾನಿಗೇ ಸೋತಿತು.

ಹಾಗಾದರೆ ಈ ಉಪಾಯ ಫಲಿಸಿತಲ್ಲ, ಇನ್ನೇನು ದೂರು ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಉತ್ತರವನ್ನು ನಮ್ಮ ಹೊಲಗಳಲ್ಲಿಯೇ ಹುಡುಕಬೇಕು. ಊರಿನ ಹೆಸರಿನಲ್ಲಿಯೇ ಬೆಲ್ಲವಿರುವಾಗ ಕಬ್ಬಿನ ಮಾತನ್ನೆತ್ತಿದರೆ ತಪ್ಪಾಗಲಾರದು. ಕಬ್ಬನ್ನು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ಕೂಳೆ ಎನ್ನುತ್ತಾರೆ. ಕೂಳೆಗೆ ಹೊಸದಾಗಿ ಬಿತ್ತನೆಯ ಖರ್ಚಿಲ್ಲ. ಆದರೆ ಎಲ್ಲ ಬುಡಗಳೂ ಚಿಗುರುವುದಿಲ್ಲ; ಸಾಲಿನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯಂತೆ ಜಾಗಗಳು ಬರಿದಾಗುತ್ತವೆ. ಜಾಣನಾದ ರೈತನು ಬೇರೆಡೆ ಬೆಳೆಸಿದ ಸಸಿಗಳನ್ನು ತಂದು ಅಲ್ಲಿ ನೆಡುತ್ತಾನೆ. ತಡಮಾಡಿದರೆ ಸುತ್ತಲಿನ ಕಬ್ಬಿನ ನೆರಳಿಗೆ ಸಿಕ್ಕಿ ತಂದ ಸಸಿ ಸೊರಗುತ್ತದೆ. ಹೀಗೆ ಎರಡು ಮೂರು ಕೂಳೆಗಳನ್ನು ಸಾಗಿಸಬಹುದು. ಬುಡಗಳೇ ಸತ್ತ ಹೊಲದಲ್ಲಿ ಮಾತ್ರ ಎಷ್ಟು ಸಸಿ ತಂದು ನೆಟ್ಟರೂ ಅದು ಕೂಳೆಯಾಗದು. ನೇಗಿಲು ಹೂಡಿ, ಹೊಸ ಬೀಜದ ಕಬ್ಬನ್ನು ನೆಟ್ಟು, ವರ್ಷ ಕಾಯಬೇಕು. ಮುಕ್ತ ಆಟಗಾರರು ಬರಿದಾದ ಜಾಗವನ್ನು ತುಂಬುವ ಸಸಿಗಳು. ಋತುವಿನ ಮೊದಲೇ ಬಂದು ಎಲ್ಲರೊಡನೆ ಬೆರೆತರೆ ಬೆಳೆಯುತ್ತಾರೆ. ಬುಡದ ಕೆಲಸವನ್ನು ಅವರಿಂದ ನಿರೀಕ್ಷಿಸುವುದು ರೈತನ ತಪ್ಪೇ ಹೊರತು ಸಸಿಯ ತಪ್ಪಲ್ಲ.

ಬೆಂಗಳೂರಿನ ಬುಡ ಯಾವುದು? 2024-25ರಲ್ಲಿ ತಂಡದ ಅತಿ ಹೆಚ್ಚು ಗೋಲುಗಳನ್ನು, ಎಂದರೆ 14 ಗೋಲುಗಳನ್ನು, ಹೊಡೆದವನು ಕ್ಲಬ್ಬು ಹುಟ್ಟಿದಂದಿನಿಂದ ಅದರ ಜೀವವಾಗಿರುವ ಸುನಿಲ್ ಛೇತ್ರಿ. ಅವನಿಗೆ ಆಗ ನಲವತ್ತು ವರ್ಷ. ಹೊರಗಿನಿಂದ ಬಂದ ಭೇಕೆ, ನೊಗೆರಾ, ಡಿಯಾಸ್, ಮೆಂಡೆಸ್ ಎಲ್ಲರೂ ಮೂವತ್ತು ದಾಟಿದವರು. ಒಪ್ಪಂದ ತೀರಿದ ಆಟಗಾರನು ಹೆಚ್ಚಾಗಿ ವಯಸ್ಸಾದವನೇ ಆಗಿರುತ್ತಾನೆಂಬುದು ಈ ಅಂಗಡಿಯ ಗುಣ. ಪ್ರಾಯದ ಪ್ರತಿಭಾವಂತನನ್ನು ಯಾವ ಕ್ಲಬ್ಬು ತಾನೇ ಒಪ್ಪಂದ ತೀರುವವರೆಗೆ ಸುಮ್ಮನೆ ಬಿಟ್ಟೀತು? ಹೀಗಾಗಿ ಹಣ ಉಳಿಯುತ್ತದೆ, ಕಾಲ ಉಳಿಯುವುದಿಲ್ಲ.

ಹೊರಗಿನವರನ್ನು ನೆಚ್ಚಿಯೇ ದೊಡ್ಡದಾದ ತಂಡಗಳಿಲ್ಲವೆ ಎಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಇದೆ, ಮತ್ತು ಅದರಲ್ಲಿ ನಮ್ಮವರ ಪಾಲೂ ಇದೆ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವು 1949, 1950, 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡನ್ನು ಗೆದ್ದಾಗ ಅದರ ಮುಂಪಡೆಯಲ್ಲಿದ್ದ ಐವರನ್ನು ಜನರು ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣ ಭಾರತದವರು. ಅವರಲ್ಲಿ ಅಹಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತಕ್ಕಾಗಿ ಬರಿಗಾಲಿನ ಕಾಲ್ಚೆಂಡನ್ನು ಆಡಿದ ತಂಡದಲ್ಲಿ ಇವರಿಬ್ಬರೂ ಇದ್ದರು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಅಹಮದ್ ಖಾನ್ ಇಪ್ಪತ್ತಮೂರರ ಆಸುಪಾಸಿನಲ್ಲಿ ಕಲ್ಕತ್ತೆಗೆ ಹೋದನು, ಸುಮಾರು ಹತ್ತು ವರ್ಷ ಅದೇ ತಂಡದಲ್ಲಿ ನಿಂತನು. ಹತ್ತು ವರ್ಷ ನಿಂತವನನ್ನು ಹೊರಗಿನವನೆಂದು ಯಾರು ಕರೆದಾರು? ಮೇಲಾಗಿ, ಇಂಥವರನ್ನು ಕಲ್ಕತ್ತೆಗೆ ಕೊಟ್ಟ ಬಳಿಕವೂ ಮೈಸೂರಿನ ತಂಡವು 1952-53ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು; 1967-68 ಮತ್ತು 1968-69ರಲ್ಲಿ ಮೈಸೂರು ರಾಜ್ಯವು ಎರಡು ಬಾರಿ ಬೆನ್ನುಬೆನ್ನಿಗೆ ಗೆದ್ದಿತು. ಕೊಟ್ಟರೂ ಬರಿದಾಗದ ಕಣಜ ಅದು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ಕೆಲಸವನ್ನೂ ಮೈದಾನವನ್ನೂ ಕೊಟ್ಟು ಆ ಕಣಜವನ್ನು ತುಂಬಿದುವು. 1968-69ರ ಗೆಲುವಿನ ಬಳಿಕ ಮುಂದಿನ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ ಐವತ್ತನಾಲ್ಕು ವರ್ಷಗಳು ಸಂದಿದ್ದುವು.

ಈಗಿನ ಕ್ಲಬ್ಬು ಬುಡವನ್ನು ಪೂರ್ತಿ ಮರೆತಿದೆಯೆಂದು ಹೇಳಿದರೆ ಅನ್ಯಾಯವಾದೀತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ವಿಜಯನಗರದಲ್ಲಿ ಹುಡುಗರು ಉಳಿದುಕೊಂಡು ಕಲಿಯುವ ಶಿಕ್ಷಣ ಕೇಂದ್ರವನ್ನು ಅದು ನಡೆಸುತ್ತಿದೆ. ಮಣಿಪುರದ ನಾವೋರೆಮ್ ರೋಷನ್ ಸಿಂಗ್ ಕ್ಲಬ್ಬಿನ ಕಿರಿಯರ ತಂಡದಿಂದಲೇ ಮೇಲೇರಿದವನು. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲಿನ ವಿರುದ್ಧ ಋತುವಿನ ಮೊದಲ ಪಂದ್ಯವನ್ನು ಒಂದೇ ಗೋಲಿನಿಂದ ಗೆಲ್ಲಿಸಿದವನು ಇನ್ನೂ ಇಪ್ಪತ್ತು ತುಂಬದ ವಿನಿತ್ ವೆಂಕಟೇಶ್. ಅಷ್ಟೆಲ್ಲ ಹೆಸರಾಂತ ಹೊಸಬರು ಬಂದಿದ್ದ ಆ ಸಂಜೆ ಗೋಲು ಬಂದದ್ದು ಮನೆಯ ಹುಡುಗನ ಕಾಲಿನಿಂದ. ಆ ದಿನ ನನಗಾದ ಸಂತೋಷವು ಮುಂಬಯಿಯನ್ನು 5-0ರಿಂದ ಸೋಲಿಸಿದ ದಿನವೂ ಆಗಲಿಲ್ಲ. ಅಭಿಮಾನಿಯ ಲೆಕ್ಕ ಅಂಕಪಟ್ಟಿಯ ಲೆಕ್ಕವಲ್ಲ.

2025ರಲ್ಲಿ ನಡೆದುದನ್ನೂ ಇಲ್ಲಿ ಹೇಳಬೇಕು. ಸೂಪರ್ ಲೀಗಿನ ಸಂಘಟಕರು ಮತ್ತು ರಾಷ್ಟ್ರೀಯ ಒಕ್ಕೂಟದ ನಡುವಣ ಒಪ್ಪಂದದ ಗೊಂದಲದಿಂದ ಜುಲೈ ತಿಂಗಳಲ್ಲಿ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅದೇ ಪ್ರಕಟಣೆಯಲ್ಲಿ, ಹುಡುಗ ಹುಡುಗಿಯರ ಕಿರಿಯ ತಂಡಗಳ ಕೆಲಸಕ್ಕೆ ಮಾತ್ರ ಅಡಚಣೆಯಿಲ್ಲವೆಂದು ಹೇಳಲಾಗಿತ್ತು. 2025 ಮುಗಿಯುವವರೆಗೂ ಲೀಗಿನ ಚೆಂಡು ಉರುಳಲಿಲ್ಲ. ವರ್ಷದ ಒಪ್ಪಂದದ ಮೇಲೆ ಬಂದ ಆಟಗಾರನಿಗೆ ಅಂಥ ವರ್ಷವೆಂದರೆ ಕಳೆದುಹೋದ ವರ್ಷ. ಹದಿನೈದರ ಹುಡುಗನಿಗೆ ಅದು ಕಲಿಕೆಯ ಇನ್ನೊಂದು ವರ್ಷ.

ನನ್ನ ಅಭಿಪ್ರಾಯವನ್ನು ಕೇಳಿದರೆ, ರಕ್ಷಣೆಯ ನಡುಭಾಗಕ್ಕೂ ನಡುಮೈದಾನಕ್ಕೂ ಮುಂಚೂಣಿಗೂ ತಲಾ ಒಬ್ಬ ಅನುಭವಿಯನ್ನು ಹೊರಗಿನಿಂದ ತರಲಿ. ಅವರ ಒಪ್ಪಂದಗಳು ಒಂದೇ ಬೇಸಗೆಯಲ್ಲಿ ಮುಗಿಯದಂತೆ ನೋಡಿಕೊಳ್ಳಲಿ. ಎರಡು ಪಕ್ಕಗಳ ಓಟದ ಜಾಗಗಳನ್ನು ಕಿರಿಯರಿಗೆ ಬಿಡಲಿ, ಅವರು ಮೊದಲ ಆರು ಪಂದ್ಯಗಳಲ್ಲಿ ಎಡವಿದರೂ ಕದಲಿಸದಿರಲಿ. ಆ ಕಿರಿಯರನ್ನು ಹುಡುಕಲು ಬೆಂಗಳೂರಿನ ಬೀದಿಗಳಾಚೆಗೂ ಬರಲಿ. ಇಲ್ಲಿ ಕುಸ್ತಿಯ ಮಣ್ಣಿನಲ್ಲಿ ಪಳಗಿದ ತೊಡೆಗಳಿವೆ, ಕಬಡ್ಡಿಯಲ್ಲಿ ಕಲಿತ ತಪ್ಪಿಸಿಕೊಳ್ಳುವ ಚಾತುರ್ಯವಿದೆ; ಹದಿಮೂರನೆಯ ವಯಸ್ಸಿನಲ್ಲಿ ಚೆಂಡನ್ನು ಕೊಟ್ಟು ಕಲಿಸುವವರಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರೈಲು ರಾತ್ರಿ ಬೆಂಗಳೂರನ್ನು ಬಿಟ್ಟರೆ ಮರುದಿನ ಬೆಳಿಗ್ಗೆ ಬೆಳಗಾವಿಯ ಕಡೆ ಇರುತ್ತದೆ, ಮುಂದೆ ಘಟಪ್ರಭಾದಲ್ಲಿಯೂ ನಿಲ್ಲುತ್ತದೆ. ಕ್ಲಬ್ಬಿನ ಒಬ್ಬ ತರಬೇತುದಾರನಿಗೆ ವರ್ಷಕ್ಕೆ ನಾಲ್ಕು ಬಾರಿ ಅದರಲ್ಲಿ ಚೀಟಿ ಕೊಂಡರೆ ಸಾಕು.