ಆ ಗಡಿಯಾರಕ್ಕೆ ಬಹುಮಾನ ಒಂದು ತಿಂಗಳು ಬಿಟ್ಟು ಕೊಡಿ

ಈಗ ಯಾವ ಹೈಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೂ ಒಂದು ಡಿಜಿಟಲ್ ಗಡಿಯಾರ ಇದ್ದೇ ಇರುತ್ತದೆ. ಆರ್ಡುಯಿನೊ ಬೋರ್ಡು, ಕೆಂಪು ಅಂಕಿಯ ಡಿಸ್‌ಪ್ಲೇ, ಥರ್ಮಾಕೋಲ್ ಡಬ್ಬಿ, ಹಿಂದೆ ಒಂದು ಮೊಬೈಲ್ ಚಾರ್ಜರ್. ಅತಿಥಿಗಳು ಬರುತ್ತಾರೆ, ಕೈಯಲ್ಲಿದ್ದ ಮೊಬೈಲ್ ನೋಡಿ ಟೈಮ್ ಸರಿಯಿದೆ ಎಂದು ತಲೆಯಾಡಿಸುತ್ತಾರೆ, ಫೋಟೊ ಆಗುತ್ತದೆ, ಬಹುಮಾನವೂ ಬರುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಸೆಟ್ ಮಾಡಿದ ಗಡಿಯಾರ ಹತ್ತೂವರೆಗೆ ಸರಿಯಾಗಿದ್ದರೆ ಅದರಲ್ಲೇನು ಹೆಚ್ಚುಗಾರಿಕೆ? ಮುಂದಿನ ಸೋಮವಾರ ಅದು ಎಷ್ಟು ತೋರಿಸುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಅಲ್ಲೇ. ಸಮಯ ತೋರಿಸುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆ ಸಮಯವನ್ನು ತಪ್ಪದಂತೆ ಕಾಯುವುದರಲ್ಲಿ ನಿಜವಾದ ವಿಜ್ಞಾನ ಇದೆ, ಅಂಕಗಳೂ ಅದಕ್ಕೇ ಬೀಳಬೇಕು.

ಮಕ್ಕಳು ಬರೆಯುವ ಮೊದಲ ಪ್ರೋಗ್ರಾಮು ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಸೆಕೆಂಡ್ ಸುಮ್ಮನಿರು, ಲೆಕ್ಕಕ್ಕೆ ಒಂದು ಸೇರಿಸು, ಡಿಸ್‌ಪ್ಲೇಯಲ್ಲಿ ತೋರಿಸು, ಮತ್ತೆ ಒಂದು ಸೆಕೆಂಡ್ ಸುಮ್ಮನಿರು. ತೋರಿಸುವುದಕ್ಕೂ ಹೊತ್ತು ಹಿಡಿಯುತ್ತದೆ ಎನ್ನುವುದು ಲೆಕ್ಕಕ್ಕೇ ಬಂದಿರುವುದಿಲ್ಲ. ಅದಕ್ಕೆ 5 ಮಿಲಿಸೆಕೆಂಡ್ ಹೋಗುತ್ತದೆ ಅಂದುಕೊಳ್ಳಿ. ಡೇರಿಗೆ ಹಾಲು ಹಾಕುವಾಗ ಲೀಟರಿಗೆ ಐದು ಮಿಲಿ ಚೆಲ್ಲಿದಷ್ಟು, ಕಣ್ಣಿಗೆ ಕಾಣುವುದಿಲ್ಲ. ಆದರೆ ದಿನಕ್ಕೆ 86,400 ಸೆಕೆಂಡ್ ಇವೆ. ಒಂದು ದಿನಕ್ಕೆ ಗಡಿಯಾರ ಏಳು ನಿಮಿಷ ಹಿಂದೆ ಬೀಳುತ್ತದೆ, ಒಂದು ವಾರಕ್ಕೆ ಐವತ್ತು ನಿಮಿಷ. ಇದೇ ಗಡಿಯಾರಕ್ಕೆ ಶಾಲೆಯ ಗಂಟೆ ಜೋಡಿಸಿ ‘ಆಟೊಮ್ಯಾಟಿಕ್ ಬೆಲ್’ ಅನ್ನುತ್ತಾರೆ. ನಾಲ್ಕೂ ಇಪ್ಪತ್ತಕ್ಕೆ ಹೊಡೆಯಬೇಕಾದ ಕೊನೆಯ ಗಂಟೆ ಐದೂ ಹತ್ತಕ್ಕೆ ಹೊಡೆದರೆ, ನಾಲ್ಕೂವರೆ ಬಸ್ಸಿಗೆ ಹೋಗಬೇಕಾದ ಪಕ್ಕದ ಹಳ್ಳಿಯ ಹುಡುಗಿಯರ ಗತಿ ಏನು? ಹನಿ ನೀರಾವರಿಯ ವಾಲ್ವಿಗೆ ಜೋಡಿಸಿದರೆ, ಬೆಳಿಗ್ಗೆ ಆರಕ್ಕೆ ಬಿಡಬೇಕಾದ ನೀರು ತಿಂಗಳ ಕೊನೆಗೆ ಒಂಬತ್ತೂವರೆ ಬಿಸಿಲಿನಲ್ಲಿ ಬಿಡುತ್ತದೆ.

ಈ ತಪ್ಪಿಗೆ ಖರ್ಚಿಲ್ಲದ ಮದ್ದಿದೆ. ‘ಡಿಲೇ’ ಬಿಟ್ಟು, ಬೋರ್ಡು ಶುರುವಾದಾಗಿನಿಂದ ಮಿಲಿಸೆಕೆಂಡುಗಳನ್ನು ತಾನೇ ಎಣಿಸುತ್ತಿರುವ ‘ಮಿಲ್ಲಿಸ್’ ನೋಡಿ ಸೆಕೆಂಡ್ ಕೂಡಿಸಬೇಕು. ಆಗ ಉಳಿಯುವ ತಪ್ಪು ಬೋರ್ಡಿನ ತಾಳದ್ದು. ಮೂಲ ಊನೊ ಬೋರ್ಡಿನಲ್ಲಿ ಎದ್ದು ಕಾಣುವ ಬೆಳ್ಳಿ ಬಣ್ಣದ ಕ್ರಿಸ್ಟಲ್ ಇದೆಯಲ್ಲ, ಅದು ಯುಎಸ್‌ಬಿ ಚಿಪ್‌ಗೆ. ಮುಖ್ಯ ಚಿಪ್‌ಗೆ ತಾಳ ಹಾಕುವುದು ಒಂದು ಪುಟ್ಟ ಸೆರಾಮಿಕ್ ರೆಸೊನೇಟರ್. ಅದು ಶೇ. 0.1ರಷ್ಟು ತಪ್ಪಿದರೂ ದಿನಕ್ಕೆ 86 ಸೆಕೆಂಡ್ ಹೋಯಿತು. ಈ ತಪ್ಪು ದಿನಾ ಒಂದೇ ಸಮ ಇದ್ದರೆ ಸರಿಮಾಡಬಹುದು. ದಿನಕ್ಕೆ 90 ಸೆಕೆಂಡ್ ಹಿಂದೆ ಬೀಳುವ ಗಡಿಯಾರಕ್ಕೆ 16 ನಿಮಿಷಕ್ಕೊಮ್ಮೆ ಒಂದು ಸೆಕೆಂಡ್ ಸೇರಿಸಿ ಎಂದು ಪ್ರೋಗ್ರಾಮಿನಲ್ಲಿ ಬರೆದರಾಯಿತು. ಎಂಟನೇ ತರಗತಿಯ ಭಾಗಾಕಾರ ಸಾಕು. ಆದರೆ 90 ಎನ್ನುವ ಅಂಕಿ ಸಿಗಬೇಕಾದರೆ ದಿನಗಟ್ಟಲೆ ಕಾದು ಅಳೆದಿರಬೇಕು. ಕರೆಂಟು ಹೋದರೆ ಈ ಲೆಕ್ಕವೆಲ್ಲ ಸೊನ್ನೆ, ಅದು ಬೇರೆ ಮಾತು.

ಅದಕ್ಕೇ ಸೆಲ್ ಹಾಕಿದ ಆರ್‌ಟಿಸಿ ಮಾಡ್ಯೂಲ್ ಬಂದದ್ದು. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: ಡಿಎಸ್1307 ಮತ್ತು ಡಿಎಸ್3231. ಎರಡರೊಳಗೂ ಸೆಕೆಂಡಿಗೆ 32,768 ಸಲ ಮಿಡಿಯುವ ಕ್ರಿಸ್ಟಲ್ ಇದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋಗಿ, ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಮನೆಯ ಗೋಡೆ ಗಡಿಯಾರದಲ್ಲಿರುವುದೂ ಇದೇ ಕ್ರಿಸ್ಟಲ್ಲು.

ಈ ಕ್ರಿಸ್ಟಲ್ಲಿಗೆ ಹಿತವಾದದ್ದು 25 ಡಿಗ್ರಿ ಆಸುಪಾಸಿನ ಹವೆ. ಸೆಖೆ ಹೆಚ್ಚಾದರೂ ಚಳಿ ಹೆಚ್ಚಾದರೂ ಅದು ನಿಧಾನವಾಗುತ್ತದೆ. 10 ಡಿಗ್ರಿ ಆಚೀಚೆ ಆದರೆ ದಿನಕ್ಕೆ ಸುಮಾರು 0.3 ಸೆಕೆಂಡ್ ಹಿಂದೆ. 20 ಡಿಗ್ರಿ ಆದರೆ ಅದರ ನಾಲ್ಕು ಪಟ್ಟು, 1.2 ಸೆಕೆಂಡ್. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ ಒಂದು ಡಬ್ಬಿ ಇಟ್ಟರೆ 45 ಡಿಗ್ರಿ ಏನೂ ದೊಡ್ಡದಲ್ಲ. ಕೈಗಡಿಯಾರಕ್ಕೆ ಈ ತೊಂದರೆ ಕಡಿಮೆ, ಏಕೆಂದರೆ ಕೈಯ ಬಿಸಿ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಹಳೆಯ ಎಚ್‌ಎಂಟಿ ಕ್ವಾರ್ಟ್ಜ್ ಕಟ್ಟಿಕೊಂಡವರು ಅದನ್ನು ಹೊಗಳುವುದರಲ್ಲಿ ಅವರ ಕೈಯ ಪಾಲೂ ಇದೆ.

ಡಿಎಸ್1307 ಈ ಸೆಖೆಯನ್ನು ಗಮನಿಸುವುದೇ ಇಲ್ಲ. ಡಿಎಸ್3231 ಒಳಗೆ ಒಂದು ಥರ್ಮಾಮೀಟರ್ ಇದೆ. 64 ಸೆಕೆಂಡಿಗೊಮ್ಮೆ ಬಿಸಿ ಅಳೆದು ತನ್ನ ತಾಳವನ್ನು ತಾನೇ ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯೊಳಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ತಪ್ಪಬಹುದು ಎನ್ನುವುದು ತಯಾರಕರ ಮಾತು. ಎರಡರ ಬೆಲೆಗೆ ಇರುವ ವ್ಯತ್ಯಾಸ ಒಂದೆರಡು ಸಲ ಹೋಟೆಲ್ಲಿನಲ್ಲಿ ತಿಂಡಿ ತಿಂದಷ್ಟು. ಡಿಸ್‌ಪ್ಲೇಗೆ ಬಣ್ಣದ ದೀಪ ಹಾಕುವ ಹಣ ಇಲ್ಲಿ ಹಾಕಿ.

ಆದರೆ ಒಳ್ಳೆಯ ಚಿಪ್ ಕೊಂಡ ಮಾತ್ರಕ್ಕೆ ಮುಗಿಯಲಿಲ್ಲ. ನೆಟ್ಟಿನಲ್ಲಿ ಸಿಗುವ ಎಷ್ಟೋ ಮಾದರಿ ಪ್ರೋಗ್ರಾಮುಗಳಲ್ಲಿ, ಕಂಪ್ಯೂಟರಿನಿಂದ ಪ್ರೋಗ್ರಾಮು ತಯಾರಾದ ಹೊತ್ತನ್ನೇ ಆರ್‌ಟಿಸಿಗೆ ತುಂಬುವ ಒಂದು ಸಾಲು ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಬೋರ್ಡು ಪ್ರತಿ ಸಲ ಆನ್ ಆದಾಗಲೂ ಅದೇ ಸಾಲು ಓಡುತ್ತದೆ. ಸೆಲ್ ಪಾಪ ಕರೆಂಟು ಹೋದಾಗಲೂ ನಿಯತ್ತಾಗಿ ಸಮಯ ಕಾದಿರುತ್ತದೆ. ಕರೆಂಟು ಬಂದ ಕೂಡಲೇ ಪ್ರೋಗ್ರಾಮು ಅದನ್ನು ಅಳಿಸಿ, ಹೋದ ತಿಂಗಳ ಯಾವುದೋ ಮಂಗಳವಾರದ ಮಧ್ಯಾಹ್ನ ಎರಡು ಗಂಟೆ ಎಂದು ಬರೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೆ ಎಂದು ಹೇಳಬೇಕಿಲ್ಲ. ಸೆಲ್ ಸತ್ತು ಸಮಯ ಕಳೆದುಹೋಗಿದ್ದರೆ ಮಾತ್ರ ಆ ಸಾಲು ಓಡಬೇಕು. ಅದನ್ನು ಕೇಳಿ ತಿಳಿಯುವ ಆಜ್ಞೆ ಲೈಬ್ರರಿಯಲ್ಲೇ ಇದೆ.

ಇನ್ನೊಂದು ಎಚ್ಚರಿಕೆ. ಅಗ್ಗದ ನೀಲಿ ಡಿಎಸ್3231 ಮಾಡ್ಯೂಲಿನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದು ಎಲ್‌ಐಆರ್2032 ಸೆಲ್‌ಗೆ ಮಾಡಿದ್ದು. ನಮ್ಮ ಅಂಗಡಿಗಳಲ್ಲಿ ಸಿಗುವುದು ಚಾರ್ಜ್ ಮಾಡಬಾರದ ಸಿಆರ್2032. ಅದನ್ನೇ ಹಾಕುವುದಾದರೆ ಡಯೋಡ್ ಪಕ್ಕದ, 201 ಎಂದು ಬರೆದಿರುವ ಪುಟ್ಟ ರೆಸಿಸ್ಟರನ್ನು ಮೊದಲು ತೆಗೆಯಿರಿ. ಸೆಲ್ ಉಬ್ಬಿದರೆ ಮಕ್ಕಳ ಕೈಯಲ್ಲಿ ಇರುವಂಥ ವಸ್ತು ಅದಲ್ಲ.

‘ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಈ ಉಸಾಬರಿ ಯಾಕೆ? ವೈಫೈ ಬೋರ್ಡ್ ಹಾಕಿ ನೆಟ್ಟಿನಿಂದ ಟೈಮ್ ತಂದರಾಯಿತು’ ಅನ್ನುವವರಿದ್ದಾರೆ. ತರಲಿ. ಭಾರತೀಯ ಕಾಲಮಾನವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಪರಮಾಣು ಗಡಿಯಾರಗಳಿಂದ ಕಾಯುತ್ತದೆ, ನೆಟ್ಟಿನ ಮೂಲಕವೂ ಕೊಡುತ್ತದೆ. ಆದರೆ ನೆಟ್ಟು ಇಲ್ಲದಾಗ ಆ ಬೋರ್ಡು ಮತ್ತೆ ತನ್ನ ತಾಳವನ್ನೇ ನಂಬಬೇಕು, ಕರೆಂಟು ಹೋಗಿ ಬಂದರೆ ಅದೂ ಇಲ್ಲ. ಮೊಬೈಲಿನಲ್ಲಿ ಸಮಯ ಯಾವಾಗಲೂ ಸರಿ ಇರುವುದರಿಂದಲೇ ಮಕ್ಕಳಿಗೆ ಅದು ನೀರಿನಂತೆ ತಾನೇ ಹರಿದು ಬರುವ ವಸ್ತು ಎನಿಸಿದೆ. ಅದನ್ನು ಯಾರೋ ಎಲ್ಲೋ ಕಾಯುತ್ತಿದ್ದಾರೆ ಎಂದು ತಿಳಿಯಲು ತಾನೇ ಒಂದು ಗಡಿಯಾರ ಕಾದು ನೋಡಬೇಕು.

ಹಾಗಾಗಿ ಶಿಕ್ಷಕರಲ್ಲಿ ನನ್ನ ಕೋರಿಕೆ ಇದು. ಪ್ರದರ್ಶನಕ್ಕೆ ಒಂದು ತಿಂಗಳ ಮೊದಲೇ ಗಡಿಯಾರ ಸೆಟ್ ಮಾಡಿಸಿ, ಡಬ್ಬಿಗೆ ಕಾಗದದ ಸೀಲ್ ಅಂಟಿಸಿ, ಸ್ಟಾಫ್ ರೂಮಿನಲ್ಲಿ ಇಡಿಸಿ. ದಿನಾ ಒಂದೇ ಹೊತ್ತಿಗೆ ಒಬ್ಬರು ಬಂದು ಸರಿಯಾದ ಸಮಯದ ಜೊತೆ ಹೋಲಿಸಿ, ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಆ ದಿನದ ಬಿಸಿಲು, ಕರೆಂಟು ಹೋದ ಲೆಕ್ಕವೂ ಪಕ್ಕದಲ್ಲಿ ಇರಲಿ. ಆಕಾಶವಾಣಿ ವಾರ್ತೆಗೆ ಮುಂಚಿನ ಪೀಪ್ ಸದ್ದಿಗೆ ಹೋಲಿಸುವುದಾದರೆ ರೇಡಿಯೊ ಸೆಟ್ಟಿನಲ್ಲೇ ಕೇಳಿ, ಮೊಬೈಲ್ ಆ್ಯಪಿನಲ್ಲಿ ಅದು ಕೆಲವು ಸೆಕೆಂಡ್ ತಡವಾಗಿ ಬರುತ್ತದೆ. ಮೂವತ್ತು ಚುಕ್ಕಿಗಳನ್ನು ಗ್ರಾಫ್ ಹಾಳೆಯಲ್ಲಿ ಇಟ್ಟರೆ ನೇರ ಗೆರೆಯೋ, ಬೇಸಿಗೆಗೆ ಬಾಗಿದ ಗೆರೆಯೋ, ಕರೆಂಟು ಹೋದಲ್ಲಿ ಜಿಗಿದ ಗೆರೆಯೋ ಎಂದು ಕಾಣುತ್ತದೆ.

ತೀರ್ಪುಗಾರರು ಮೊದಲು ಆ ನೋಟ್‌ಬುಕ್ ಕೇಳಲಿ. ನಾಲ್ಕು ನಿಮಿಷ ತಪ್ಪಿದ ಗಡಿಯಾರದ ಪಕ್ಕ ನಿಂತ ಹುಡುಗಿ, ಯಾವ ದಿನ ಎಷ್ಟು ತಪ್ಪಿತು, ಯಾಕೆ ತಪ್ಪಿತು ಎಂದು ಪುಟ ತಿರುವಿ ತೋರಿಸಿದರೆ ಮೊದಲ ಬಹುಮಾನ ಅವಳಿಗೇ ಹೋಗಲಿ.